ಐದೇ ಬಣ್ಣದಲ್ಲಿ ಬೋಲ್ಟನ್ ಮ್ಯಾಚಿನ ಜನ

ಇಂಗ್ಲೆಂಡಿನ ಚಿತ್ರಕಾರ ಎಲ್.ಎಸ್. ಲೌರಿ ಬಿಡಿಸಿದ್ದು ಕಡ್ಡಿ ಮನುಷ್ಯರನ್ನ, ಅವನ ಐದು ಬಣ್ಣ ನೆಚ್ಚಿಕೊಂಡರೆ ನಿನಗೆ ಕೆಸರೇ ಗತಿ ಅಂತ ಚಿತ್ರ ಬರೆಯುವ ಗೆಳೆಯರೆಲ್ಲ ಹೇಳಿದ್ದರು. ಬೋಲ್ಟನ್ ಊರಿನ ಫುಟ್‌ಬಾಲ್ ಮ್ಯಾಚಿಗೆ ಹೊರಟ ಜನರನ್ನ ನಾನು ಹಲಗೆ ಮೇಲೆ ಬರೆದ ಚಿತ್ರ ಹೋದ ತಿಂಗಳು ಸುಮಾರು 300 ಪೌಂಡಿಗೆ ಹೋಯಿತು. ಈಗ ಯಾರೂ ಮಾತಾಡ್ತಿಲ್ಲ.

ಲೌರಿಯ ಐದು ಬಣ್ಣ ಇವು: ಐವರಿ ಬ್ಲ್ಯಾಕ್ ಅನ್ನೋ ಕಪ್ಪು, ವರ್ಮಿಲಿಯನ್ ಅನ್ನೋ ಕೆಂಪು, ಪ್ರಷ್ಯನ್ ಬ್ಲೂ ಅನ್ನೋ ನೀಲಿ, ಯೆಲ್ಲೋ ಓಕರ್ ಅನ್ನೋ ಮಣ್ಣು ಹಳದಿ, ಫ್ಲೇಕ್ ವೈಟ್ ಅನ್ನೋ ಬಿಳಿ. ತೊಂದರೆ ಇರೋದೆಲ್ಲ ಬಿಳಿಯಲ್ಲೇ. ಫ್ಲೇಕ್ ವೈಟ್ ಅಂದ್ರೆ ಸೀಸ, ವಿಷ. ನಾನು ಬರೆಯೋದು ಅಡುಗೆಮನೆ ಮೇಜಿನ ಮೇಲೆ, ಅದು ಬೇಡ. ಬದಲಿಗೆ ಟೈಟಾನಿಯಂ ಬಿಳಿ ಬಳಿದೆ, ಟ್ಯೂಬ್‌ಲೈಟ್ ಹಾಕಿದ ಹಾಗೆ ಕಾಣಿಸಿತು. ಜಿಂಕ್ ಬಿಳಿ ಬಳಿದೆ, ದಪ್ಪ ಇದ್ದ ಕಡೆ ಬಿರುಕು ಬಿಟ್ಟಿತು. ಅಷ್ಟರಲ್ಲಿ 80 ಪೌಂಡ್ ಖರ್ಚು. ಲೌರಿ ಒಂದು ಹಲಗೆಗೆ ಬಿಳಿ ಬಳಿದು, ವರ್ಷಗಟ್ಟಲೆ ಮುಚ್ಚಿಟ್ಟು, ಆಮೇಲೆ ಹೊಸ ಬಿಳಿಯ ಪಕ್ಕ ಇಟ್ಟು ನೋಡಿದ್ದನಂತೆ. ಹಳೆಯದು ಕೆನೆ ಬಣ್ಣಕ್ಕೆ ತಿರುಗಿತ್ತು. ನಾನೂ ಒಂದು ತುಂಡನ್ನ ಡ್ರಾಯರ್‌ನಲ್ಲಿಟ್ಟೆ. ಕತ್ತಲಲ್ಲಿ ಬಣ್ಣದೊಳಗಿನ ಲಿನ್ಸೀಡ್ (ಅಗಸೆ) ಎಣ್ಣೆ ಹಳದಿಯಾಯಿತು, ಕಿಟಕಿಗೆ ತಂದಿಟ್ಟರೆ ಮತ್ತೆ ಬಿಳುಪು! ಕೊನೆಗೆ ಟೈಟಾನಿಯಂಗೆ ಚೂರು ಓಕರ್ ಸೇರಿಸಿದೆ, ಜೊತೆಗೆ ಇನ್ನೊಂದು. ಅದನ್ನ ಹೇಳಲ್ಲ.

ಜನರ ವಿಷಯಕ್ಕೆ ಬಂದರೆ, ಲೌರಿಯ 1953ರ ಚಿತ್ರ 'ಗೋಯಿಂಗ್ ಟು ದ ಮ್ಯಾಚ್' ನೋಡಿ. ಬೋಲ್ಟನ್ ಕ್ಲಬ್ಬಿನ ಆಗಿನ ಮೈದಾನ ಬರ್ನ್‌ಡೆನ್ ಪಾರ್ಕ್ ಕಡೆಗೆ ಎಲ್ಲರೂ ಮುಂದಕ್ಕೆ ಬಾಗಿ ನಡೀತಿದ್ದಾರೆ, ನೆರಳೇ ಇಲ್ಲ. ಬಾಡಿಗೆ ವಸೂಲಿಗೆ ಬೀದಿ ಬೀದಿ ಅಲೆದವನ ಕಣ್ಣು ಅದು. ನಾನು ಮೊದಲು ಬೂಟು ಇಡುತ್ತೇನೆ, ದೊಡ್ಡದಾಗಿ, ಅಪ್ಪಟ ಕಪ್ಪಲ್ಲಿ. ಆಮೇಲೆ ಕೋಟು, ತಲೆ ಕೊನೆಗೆ. ತಲೆಯಿಂದ ಶುರು ಮಾಡಿದರೆ ಎಲ್ಲರೂ ಬಸ್ಸಿಗೆ ಕಾಯುತ್ತಾ ನಿಂತುಬಿಡ್ತಾರೆ.

ಬೋಲ್ಟನ್ ಕ್ಲಬ್ಬಿನ ಮೈದಾನ 1997ರಲ್ಲೇ ಹಾರ್ವಿಚ್ ಕಡೆಗೆ ಹೋಯಿತಲ್ವಾ, ನನ್ನ ಸ್ಕೆಚ್ಚೆಲ್ಲ ಹಾರ್ವಿಚ್ ಪಾರ್ಕ್‌ವೇ ಸ್ಟೇಷನ್ನಿಂದ ನಡೆಯುವ ದಾರಿಯದ್ದು. ಮಿಲ್ ಚಿಮಣಿ ಇಲ್ಲ, ಉಬ್ಬಿದ ಜಾಕೆಟ್ಟುಗಳು. ಅವುಗಳಲ್ಲಿ ಬೆನ್ನಿನ ಬಾಗು ಕಾಣೋದೇ ಇಲ್ಲ. ಗೋದಾಮಿನ ಪಾಳಿ ಮುಗಿಸಿ ನೇರ ಬಂದವರ ಮೈಮೇಲೆ ಹೊಳೆಯುವ ಹಳದಿ ಸುರಕ್ಷತಾ ಜಾಕೆಟ್ ಬೇರೆ. ಓಕರ್‌ನಲ್ಲಿ ಆ ಹಳದಿ ಜನ್ಮದಲ್ಲಿ ಬರಲ್ಲ. ಬಿಳಿ ತಳವನ್ನ ಹಾಗೇ ಬಿಟ್ಟು, ತೆಳ್ಳಗೆ ಓಕರ್ ಎಳೆದು, ಸುತ್ತ ಕಪ್ಪು ಕೊಟ್ಟೆ. ಆ ಜಾಕೆಟ್ಟಿನ ಮೇಲಿನ ಪಟ್ಟಿಯನ್ನ ಮೊಳೆಯಲ್ಲಿ ಗೀರಿದೆ. ಹತ್ತಡಿ ದೂರ ನಿಂತು ನೋಡಿ, ಹೊಳೆಯುತ್ತೆ.

ಲೌರಿಯ ಆ ಚಿತ್ರಕ್ಕೆ 2022ರಲ್ಲಿ 78 ಲಕ್ಷ ಪೌಂಡ್ ಕೊಟ್ಟರು. ನನ್ನ ಮುನ್ನೂರರಲ್ಲಿ ಫ್ರೇಮಿನವನೇ 60 ತಗೊಂಡ. ಮುಂದಿನದಕ್ಕೆ ಚೌಕಟ್ಟನ್ನೂ ನಾನೇ ಕೂಡಿಸ್ತೇನೆ, ಮರ ತಂದಾಗಿದೆ.