ಹಗಲು ದರೋಡೆ ಇಲ್ಲಿ ನಡೆಯುವುದಿಲ್ಲ

ನನ್ನ ಮೊದಲ ಗ್ಯಾಂಗ್ ಎರಡನೇ ದಿನದ ಮಧ್ಯಾಹ್ನಕ್ಕೇ ಮುಗಿದುಹೋಯಿತು. ಆಟದೊಳಗಿನ ಎರಡನೇ ದಿನ, ಅಷ್ಟೇ. ಆದರೂ ಮುಖ ಸಣ್ಣದಾಯಿತು.

ಆಟದ ಹೆಸರು ದಿ ಬ್ಯಾಟಲ್ ಫಾರ್ ವೆಸ್ನಾತ್. 2003ರಲ್ಲಿ ಡೇವಿಡ್ ವೈಟ್ ಶುರು ಮಾಡಿದ್ದು. ಪುಕ್ಕಟೆ ಸಿಗುತ್ತದೆ. ಆರು ಮೂಲೆಯ ಮನೆಗಳ ನಕ್ಷೆ, ಸರದಿ ಪ್ರಕಾರ ನಡೆ. ಅದರಲ್ಲಿ ಲಿಬರ್ಟಿ ಎಂಬ ಒಂದು ಕ್ಯಾಂಪೇನ್ ಇದೆ, ಅಂದರೆ ಒಂದಾದ ಮೇಲೊಂದು ಕಾಳಗದಲ್ಲಿ ಸಾಗುವ ಕಥೆ. ಒಂದು ಹಳ್ಳಿಯ ಯಜಮಾನ ಬಾಲ್ಡ್ರಾಸ್, ಆಶೆವಿಯರ್ ರಾಣಿಯ ಆಳ್ವಿಕೆಗೆ ತಿರುಗಿಬೀಳುತ್ತಾನೆ. ಅಲ್ಲಿಂದ ಮುಂದೆ ಅವನೂ ಅವನ ಜೊತೆಗಾರರೂ ಕಾನೂನಿನ ಕಣ್ಣಲ್ಲಿ ಕಳ್ಳರು. ಆ ಗುಂಪನ್ನು ನಡೆಸುವುದು ನಮ್ಮ ಕೆಲಸ.

ನಾನು ಅದಕ್ಕೆ ಮೊದಲು ಎಲ್ವ್‌ಗಳನ್ನು, ರಾಜನ ಸೈನಿಕರನ್ನು ಆಡಿಸಿದ್ದವನು. ಅದೇ ಅಭ್ಯಾಸದಲ್ಲಿ ಇಲ್ಲೂ ಸಾಲಾಗಿ ನಿಲ್ಲಿಸಿದೆ. ಬಯಲು, ಬೆಳಗ್ಗೆ, ಎದುರಿಗೆ ಈಟಿಯವರು ಮತ್ತು ಕುದುರೆ ಸವಾರರು. ಒಬ್ಬ ಸವಾರ ನುಗ್ಗಿ ಬಂದು ಒಂದೇ ತಿವಿತಕ್ಕೆ ನನ್ನ ಕಳ್ಳನನ್ನು ಉರುಳಿಸಿದ. ಪೂರ್ತಿ ಜೀವ ಇದ್ದ ಕಳ್ಳ! ಮೋಸ ಅನ್ನಿಸಿತು. ಆಮೇಲೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಸವಾರನ ಏಟು 9. ನುಗ್ಗಿ ಹೊಡೆದರೆ ದುಪ್ಪಟ್ಟು, ಅಂದರೆ 18. ಹಗಲು ಅಂತ ಇನ್ನೂ ಕಾಲು ಭಾಗ ಜಾಸ್ತಿ. ಮೈಮೇಲೆ ಕವಚ ಇಲ್ಲದ ಕಳ್ಳನಿಗೆ ಈಟಿಯ ಪೆಟ್ಟು ಮತ್ತೆ ಶೇಕಡ 20 ಜೋರು. ಒಟ್ಟು 27. ಕಳ್ಳನ ಜೀವ 24. ಮೋಸ ಏನೂ ಇರಲಿಲ್ಲ, ನಾನೇ ಅವನನ್ನು ತಟ್ಟೆಯಲ್ಲಿಟ್ಟು ಕೊಟ್ಟಿದ್ದೆ.

ಈ ಆಟದಲ್ಲಿ ಒಂದು ದಿನಕ್ಕೆ ಆರು ಸರದಿ. ನಸುಕು, ಬೆಳಗ್ಗೆ, ಮಧ್ಯಾಹ್ನ, ಮುಸ್ಸಂಜೆ, ಆಮೇಲೆ ರಾತ್ರಿಯ ಎರಡು ಜಾವ. ನಮ್ಮವರು ಕತ್ತಲೆಯ ಜನ. ರಾತ್ರಿ ಅವರ ಏಟು ಶೇಕಡ 25 ಹೆಚ್ಚು, ಹಗಲು ಅಷ್ಟೇ ಕಡಿಮೆ. ರಾಣಿಯ ಈಟಿಯವರಿಗೂ ಸವಾರರಿಗೂ ಇದು ತಿರುಗುಮುರುಗು. ನಸುಕು, ಮುಸ್ಸಂಜೆ ಯಾರ ಕಡೆಗೂ ಇಲ್ಲ. ಹಗಲು ದರೋಡೆ ಎಂಬ ಮಾತು ಎಲ್ಲೋ ನಡೆಯಬಹುದು, ಇಲ್ಲಂತೂ ಇಲ್ಲ.

ಎರಡನೇ ಸಲ ಗಡಿಯಾರ ನೋಡಿಕೊಂಡೇ ಆಡಿದೆ. ಹಗಲಿನ ಎರಡು ಸರದಿ ಕಾಡಿನಲ್ಲಿ, ಗುಡ್ಡದ ಹಿಂದೆ. ಮುಸ್ಸಂಜೆಗೆ ಹತ್ತಿರ ಬರುವುದು. ಮೊದಲ ಜಾವದಲ್ಲಿ ಮೇಲೆ ಬೀಳುವುದು, ಎರಡನೇ ಜಾವದಲ್ಲಿ ಉಳಿದವರನ್ನು ಮುಗಿಸುವುದು. ನಸುಕಾದ ತಕ್ಷಣ ಕಾಲಿಗೆ ಬುದ್ಧಿ ಹೇಳುವುದು. ಕೊನೆಯದೇ ಕಷ್ಟ. ಎದುರಿಗೆ ಅರೆಜೀವದ ಶತ್ರು ನಿಂತಿರುತ್ತಾನೆ, ಇನ್ನೊಂದೇ ಏಟು ಅನ್ನಿಸುತ್ತದೆ. ಹಿಡಿದ ಹಳ್ಳಿಗಳನ್ನೂ ಬಿಟ್ಟು ಹೋಗಬೇಕು. ಹಳ್ಳಿ ಅಂದರೆ ಪ್ರತಿ ಸರದಿಗೂ ಚಿನ್ನ, ಅಲ್ಲಿ ನಿಂತವನಿಗೆ 8 ಜೀವ ವಾಪಸ್. ಹೊಟ್ಟೆ ಉರಿಯುತ್ತದೆ, ಆದರೂ ಬಿಟ್ಟೆ. ಮುಂದಿನ ರಾತ್ರಿ ಮತ್ತೆ ಕಿತ್ತುಕೊಂಡೆ.

ಓಡುವುದಕ್ಕೆ ನಮ್ಮವರು ಹೇಳಿಮಾಡಿಸಿದವರು. ಫುಟ್‌ಪ್ಯಾಡ್ ಅನ್ನುವ ದಾರಿಗಳ್ಳ ಒಂದು ಸರದಿಗೆ 7 ಮನೆ ಓಡುತ್ತಾನೆ. ಈಟಿಯವನಿಗೆ 5, ಕಬ್ಬಿಣ ಹೊದ್ದ ಹೆವಿ ಇನ್‌ಫೆಂಟ್ರಿಗೆ ಬರೀ 4. ಹಾಗಾಗಿ ಅಟ್ಟಿಸಿಕೊಂಡು ಬಂದ ಸೈನ್ಯ ತಾನಾಗೇ ಚದುರುತ್ತದೆ. ಸವಾರರು ಮುಂದೆ, ಈಟಿಯವರು ಮಧ್ಯೆ, ಕಬ್ಬಿಣದವರು ಎಲ್ಲೋ ಹಿಂದೆ. ಸಂಜೆಯ ಹೊತ್ತಿಗೆ ಒಂಟಿಯಾಗಿ ಸಿಕ್ಕವನನ್ನು ನಾಲ್ಕು ಜನ ಸುತ್ತುವರಿದರೆ ಆಯಿತು. ಒಬ್ಬ ಫುಟ್‌ಪ್ಯಾಡನ್ನು ಬೇಕೆಂದೇ ಕಾಡಿನ ಅಂಚಿನಲ್ಲಿ ಎರೆಯಾಗಿ ಬಿಡುತ್ತಿದ್ದೆ. ಕಾಡಿನಲ್ಲಿ ಅವನಿಗೆ ಏಟು ತಾಗುವ ಸಾಧ್ಯತೆ ಶೇಕಡ 30 ಮಾತ್ರ. ಕಂಪ್ಯೂಟರಿಗೆ ಎರೆ ಕಂಡರೆ ತಡೆಯುವುದಿಲ್ಲ. ಮಂತ್ರವಾದಿ ಬಂದರೆ ಮಾತ್ರ ಈ ಆಟ ನಡೆಯಲ್ಲ. ನೀವು ಕಾಡಿನಲ್ಲಿರಿ, ಗುಡ್ಡದ ಮೇಲಿರಿ, ಅವನ ಮಂತ್ರ ತಾಗುವ ಸಾಧ್ಯತೆ ಶೇಕಡ 70 ಇದ್ದೇ ಇರುತ್ತದೆ. ಅವನನ್ನು ಮೊದಲು ಮುಗಿಸಿ.

ನನಗೆ ತೀರಾ ತಡವಾಗಿ ಅರ್ಥವಾದದ್ದು ಕಳ್ಳರನ್ನು ಬಳಸುವುದು. ಕಳ್ಳನ ಚೂರಿ ಸುಮ್ನೆ ಹೊಡೆದರೆ 4, ಮೂರು ಸಲ. ಶತ್ರುವಿನ ಬೆನ್ನ ಹಿಂದಿನ ಮನೆಯಲ್ಲಿ ನಮ್ಮವನೊಬ್ಬ ಇದ್ದರೆ ಅದೇ ಏಟು ದುಪ್ಪಟ್ಟು. ರಾತ್ರಿಯಾದರೆ 10. ನಾನು ಮೊದಮೊದಲು ಒಬ್ಬನನ್ನು ನಡೆಸಿ, ಆಗಲೇ ಹೊಡೆಸಿ, ಆಮೇಲೆ ಎರಡನೆಯವನನ್ನು ಕಳಿಸುತ್ತಿದ್ದೆ. ಮೊದಲನೆಯವನ ಏಟು ದಂಡ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಆಮೇಲೆ ಹೊಡೆಸಬೇಕು. ಇಷ್ಟು ಸಣ್ಣ ವಿಷಯ ತಿಳಿಯಲು ನನಗೆ ಮೂರು ಸೋಲು ಬೇಕಾಯಿತು.

ಬೆನ್ನ ಹಿಂದೆ ಹೋಗುವುದೂ ಸುಲಭವಲ್ಲ. ಶತ್ರುವಿನ ಪಕ್ಕದ ಮನೆಗೆ ಕಾಲಿಟ್ಟರೆ ಅಲ್ಲೇ ನಿಲ್ಲಬೇಕು. ಬಳಸಿಕೊಂಡು ಹೋಗಲು ಒಂದು ಸರದಿ ಮೊದಲೇ ಹೊರಡಬೇಕು. ಕಳ್ಳ ಅನುಭವ ಗಳಿಸಿ, ಲೆವೆಲ್ ಏರಿ ರೋಗ್ ಆದರೆ ಈ ಕಟ್ಟು ಇಲ್ಲ, ಶತ್ರುಗಳ ನಡುವೆಯೇ ನುಸುಳಿ ಹೋಗುತ್ತಾನೆ. ಅದಕ್ಕೇ ಕೊನೇ ಏಟು ಯಾರಿಗೆ ಅನ್ನುವುದನ್ನು ಲೂಟಿ ಹಂಚಿದ ಹಾಗೆ ಲೆಕ್ಕ ಹಾಕಿ ಹಂಚಿದೆ. ಸುಮ್ಮನೆ ಕಾದಾಡಿದರೆ ಎದುರಾಳಿಯ ಲೆವೆಲ್‌ನಷ್ಟೇ ಅನುಭವ. ಕೊಂದರೆ ಅದರ ಎಂಟು ಪಟ್ಟು. ಲೆವೆಲ್ ಏರಿದವನ ಗಾಯವೆಲ್ಲ ಒಮ್ಮೆಗೇ ವಾಸಿ. ಸಾಯುವ ಸ್ಥಿತಿಯಲ್ಲಿದ್ದ ಕಳ್ಳನಿಗೆ ಕೊನೇ ಏಟು ಕೊಟ್ಟು ಬದುಕಿಸಿಕೊಂಡದ್ದೂ ಉಂಟು.

ಅಸ್ಥಿಪಂಜರಗಳು ಎದುರಾದಾಗ ಮಾತ್ರ ಎಲ್ಲ ಲೆಕ್ಕ ತಲೆಕೆಳಗು. ಅವೂ ರಾತ್ರಿಯ ಜನವೇ. ಕತ್ತಲೆಗೆ ಕಾದರೆ ಇಬ್ಬರಿಗೂ ಒಂದೇ ಲಾಭ. ಚೂರಿ ಮೂಳೆಗೆ ಅಷ್ಟಾಗಿ ನಾಟುವುದಿಲ್ಲ, ಬಾಣ ಇನ್ನೂ ಕಡಿಮೆ. ದೊಣ್ಣೆ ಏಟು ಮಾತ್ರ ಶೇಕಡ 20 ಜಾಸ್ತಿ. ಅಲ್ಲಿಯವರೆಗೆ ಮೂಲೆಗುಂಪಾಗಿದ್ದ ನನ್ನ ಪುಂಡರು ದೊಣ್ಣೆ ಹಿಡಿದು ಒಂದೇ ದಿನಕ್ಕೆ ಹೀರೋಗಳಾದರು.

ಹಣದಲ್ಲಿ ನಾನು ಜಿಪುಣ. ಹಿಂದಿನ ಕಾಳಗದಲ್ಲಿ ಬದುಕುಳಿದ ಹಳಬನನ್ನು ಮತ್ತೆ ಕರೆಸಲು 20 ಚಿನ್ನ, ಹೊಸ ಫುಟ್‌ಪ್ಯಾಡ್‌ಗೆ 14. ಲೆವೆಲ್ ಏರಿದವರನ್ನು ಮಾತ್ರ ಕರೆಸಿದೆ, ಉಳಿದ ಜಾಗಕ್ಕೆ ಹೊಸಬರು.

ಹಾಗೆ ಪ್ರತಿ ಸಲ ಮೊದಲು ಕರೆಸುತ್ತಿದ್ದ ಒಬ್ಬ ರೋಗ್ ಇದ್ದ. ನಾಲ್ಕು ಕಾಳಗದಲ್ಲಿ ನನ್ನ ಜೊತೆ ಬಂದವನು. ಒಂದು ನಸುಕಿನಲ್ಲಿ ಎಲ್ಲರೂ ಹಿಂದೆ ಸರಿದರು, ಅವನೊಬ್ಬನನ್ನು ಉಳಿಸಿದೆ. ಗಾಯಗೊಂಡ ಈಟಿಯವನಿಗೆ ಇನ್ನೊಂದೇ ಏಟು ಸಾಕಿತ್ತು. ಮೂರು ಏಟೂ ತಪ್ಪಿದವು. ಬೆಳಕಾಗುವ ಹೊತ್ತಿಗೆ ಅವನ ಸುತ್ತ ಐದು ಜನ. ಹಳೆಯ ಸೇವ್ ಇತ್ತು, ಲೋಡ್ ಮಾಡಬಹುದಿತ್ತು. ಕರ್ಸರ್ ಅಲ್ಲಿಗೇ ಒಯ್ದೆ. ಆಮೇಲೆ ಮೆನು ಮುಚ್ಚಿ, ಸರದಿ ಮುಗಿಸಿದೆ.