ಸ್ಪ್ಯಾನಿಷ್ ಕ್ರಿಯಾಪದ: ಬಿಡಿಸುವುದು ಹೇಗೆ, ಒತ್ತುವುದು ಎಲ್ಲಿ?

ಸ್ಪ್ಯಾನಿಷ್‌ನ 'ಅಬ್ಲೊ' ಎಂಬ ರೂಪದಲ್ಲಿ ಮೊದಲ ಸ್ವರಕ್ಕೆ ಒತ್ತು ಕೊಟ್ಟರೆ 'ನಾನು ಮಾತನಾಡುತ್ತೇನೆ' ಎಂದಾಗುತ್ತದೆ. ಒತ್ತನ್ನು ಕೊನೆಗೆ ಸರಿಸಿದರೆ 'ಅವನು ಅಥವಾ ಅವಳು ಮಾತನಾಡಿದರು' ಎಂದಾಗುತ್ತದೆ. ಇಲ್ಲಿ ಒತ್ತು ಎಂದರೆ ನಮ್ಮ ಒತ್ತಕ್ಷರವಲ್ಲ, ದೀರ್ಘವೂ ಅಲ್ಲ. ಒಂದು ಉಚ್ಚಾರಾಂಶದ ಮೇಲೆ ಬೀಳುವ ದನಿಯ ಬಲ. ಹ್ರಸ್ವ-ದೀರ್ಘಗಳಿಂದ ಅರ್ಥ ಬದಲಾಗುವ ಪದ್ಧತಿ ಆ ಭಾಷೆಯಲ್ಲಿ ಇಲ್ಲವಾದ್ದರಿಂದ ಕೆಳಗಿನ ಉದಾಹರಣೆಗಳನ್ನೆಲ್ಲ ಹ್ರಸ್ವದಲ್ಲೇ ಬರೆದಿದೆ.

ಮೊದಲು ಪದವನ್ನು ಬಿಡಿಸಿಕೊಳ್ಳಬೇಕು. ಸ್ವರಗಳ ನಡುವಿನ ಒಂಟಿ ವ್ಯಂಜನ ಮುಂದಿನ ಸ್ವರಕ್ಕೆ ಸೇರುತ್ತದೆ: ಕೊ-ಮೆ. ವ್ಯಂಜನಗಳು ಎರಡಿದ್ದರೆ ಸಾಮಾನ್ಯವಾಗಿ ಹಂಚಿಹೋಗುತ್ತವೆ: ಕನ್-ತೊ, ಎಸ್-ತ. ನಮ್ಮ ಲಿಪಿ ಇದನ್ನು 'ಎ' ಮತ್ತು 'ಸ್ತ' ಎಂದು ತೋರಿಸುವುದರಿಂದ ಕನ್ನಡಿಗರು ಎಡವುವುದು ಇಲ್ಲಿಯೇ; ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದನ್ನು ನೆನೆದರೆ ದಾರಿ ಸಿಗುತ್ತದೆ. ಆದರೆ ಬ್ಲ, ಬ್ರ, ಪ್ರ, ತ್ರ ಮುಂತಾದ ಜೋಡಿಗಳು ಒಡೆಯುವುದಿಲ್ಲ: ಅ-ಬ್ಲೊ, ಅ-ಬ್ರೆ.

ಅ, ಎ, ಒ ಗಟ್ಟಿ ಸ್ವರಗಳು. ಇ, ಉ ದುರ್ಬಲ. ಗಟ್ಟಿ ಸ್ವರಗಳೆರಡು ಎದುರಾದರೆ ಬೇರೆಯಾಗಿಯೇ ಉಳಿಯುತ್ತವೆ: ಲೆ-ಒ, 'ಓದುತ್ತೇನೆ'. ಒತ್ತಿಲ್ಲದ ದುರ್ಬಲ ಸ್ವರವು ಯಣ್ ಸಂಧಿಯಲ್ಲಿ ಆಗುವಂತೆ ಪಕ್ಕದ ಗಟ್ಟಿ ಸ್ವರಕ್ಕೆ ಅಂಟಿಕೊಳ್ಳುತ್ತದೆ: ಕಂ-ಬ್ಯೊ, 'ಬದಲಾಯಿಸುತ್ತೇನೆ'. ಅದರ ಮೇಲೆಯೇ ಒತ್ತು ಬಿದ್ದರೆ ಬೇರೆ ನಿಂತು ನೆತ್ತಿಯ ಮೇಲೆ ಓರೆಗೆರೆ ಪಡೆಯುತ್ತದೆ: ಕೊನ್-ಫಿ-ಒ, 'ನಂಬುತ್ತೇನೆ'. 'ಇಅರ್' ಎಂದು ಮುಗಿಯುವ ಯಾವ ಕ್ರಿಯಾಪದ ಯಾವ ಗುಂಪಿನದು ಎಂಬುದನ್ನು ನಿಘಂಟು ನೋಡಿಯೇ ಕಲಿಯಬೇಕು.

ಇನ್ನು ಒತ್ತು. ಪದವು ಸ್ವರ, 'ನ್' ಅಥವಾ 'ಸ್'ನಿಂದ ಮುಗಿದರೆ ಒತ್ತು ಕೊನೆಯಿಂದ ಎರಡನೆಯ ಉಚ್ಚಾರಾಂಶಕ್ಕೆ, ಬೇರೆ ವ್ಯಂಜನದಿಂದ ಮುಗಿದರೆ ಕೊನೆಯದಕ್ಕೆ. ಇದು ತಪ್ಪಿದಲ್ಲೆಲ್ಲ ಓರೆಗೆರೆ ಬರುತ್ತದೆ. 'ನ್', 'ಸ್'ಗಳ ವಿನಾಯಿತಿ ಕ್ರಿಯಾಪದಗಳಿಗೆಂದೇ ಹೇಳಿ ಮಾಡಿಸಿದಂತಿದೆ: ಅಬ್ಲ, ಅಬ್ಲಸ್, ಅಬ್ಲನ್ ಮೂರರಲ್ಲೂ ಒತ್ತು ಕದಲುವುದಿಲ್ಲ, ಗೆರೆಯೂ ಬೇಕಿಲ್ಲ. 'ಕೊಂಪ್ರ' (ಕೊಂಡುಕೋ) ಎಂಬುದಕ್ಕೆ 'ಲೊ' (ಅದನ್ನು) ಸೇರಿ ಕೊಂ-ಪ್ರ-ಲೊ ಆದಾಗ ಒತ್ತು ಇದ್ದಲ್ಲೇ ಇದ್ದರೂ ಎಣಿಕೆಯಲ್ಲಿ ಕೊನೆಯಿಂದ ಮೂರನೆಯದಾಗುವುದರಿಂದ ಗೆರೆ ಹಾಕಬೇಕಾಗುತ್ತದೆ. ಒಂದೇ ಉಚ್ಚಾರಾಂಶದ 'ದ್ಯೊ' (ಕೊಟ್ಟ), 'ಫ್ವೆ' (ಹೋದ) ರೂಪಗಳಿಗೆ ಹಳೆಯ ಮುದ್ರಣಗಳಲ್ಲಿ ಕಾಣುವ ಗೆರೆಯನ್ನು 1959ರಲ್ಲಿ ಕಡ್ಡಾಯವಾದ ಕಾಗುಣಿತ ನಿಯಮಗಳು ತೆಗೆದುಹಾಕಿದವು.

ಒತ್ತು ಕೆಲವೊಮ್ಮೆ ಧಾತುವನ್ನೇ ಬದಲಿಸುತ್ತದೆ. 'ಪೊದೆರ್' (ಸಾಧ್ಯವಾಗು) ಧಾತುವಿನ 'ಒ' ಮೇಲೆ ಒತ್ತು ಬಿದ್ದಾಗ ಅದು ಸೀಳಿ 'ಪ್ವೆ-ದೊ' ಆಗುತ್ತದೆ; 'ಪೊ-ದೆ-ಮೊಸ್' ಎನ್ನುವಲ್ಲಿ ಒತ್ತು ಮುಂದೆ ಸರಿದಿರುವುದರಿಂದ 'ಒ' ಹಾಗೆಯೇ ಉಳಿಯುತ್ತದೆ. 'ಪೆನ್ಸರ್' (ಯೋಚಿಸು) ಕೂಡ 'ಪ್ಯೆನ್-ಸೊ', 'ಪೆನ್-ಸ-ಮೊಸ್' ಎಂದು ಇದೇ ದಾರಿ ಹಿಡಿಯುತ್ತದೆ. 'ಕೊಮೆರ್' (ತಿನ್ನು) ಮಾತ್ರ ಒತ್ತು ಬಿದ್ದರೂ 'ಕೊ-ಮೊ' ಆಗಿಯೇ ಇರುತ್ತದೆ.