ಹಳೆಯ ಲಿನಕ್ಸ್ ಕರ್ನೆಲ್‌ನಲ್ಲಿ ರೈಟ್ ತಡವಾದರೆ ನಾನು ನೋಡುವ ಕ್ರಮ

ಲಿನಕ್ಸ್‌ನ ಒಂದು ಆವೃತ್ತಿಯಾದ ಸೆಂಟ್‌ಒಎಸ್ 6ಕ್ಕೆ 2020ರ ನವೆಂಬರ್‌ನಲ್ಲೇ ಅಪ್‌ಡೇಟ್ ನಿಂತಿತು. ಆದರೂ ಯಾವುದೋ ಹಳೆಯ ಸಾಫ್ಟ್‌ವೇರ್‌ಗಾಗಿ 2.6.32 ಕರ್ನೆಲ್ (ಲಿನಕ್ಸ್‌ನ ತಿರುಳು) ಮೇಲೆ ಓಡುತ್ತಿರುವ ಸರ್ವರ್‌ಗಳು ಇನ್ನೂ ಇವೆ. ಅವುಗಳಲ್ಲಿ ಬರುವ ದೂರು ಹೆಚ್ಚಾಗಿ ಒಂದೇ: ಬ್ಯಾಕಪ್ ಶುರುವಾಯಿತೆಂದರೆ ಡೇಟಾಬೇಸ್ ನಿಮಿಷಗಟ್ಟಲೆ ಸ್ತಬ್ಧ. ಡಿಸ್ಕ್ ಬದಲಿಸಲು ಹೊರಡುವ ಮುನ್ನ ಲೆಕ್ಕ ಹಾಕಿ.

ಮೊದಲು ಮೆಮೊರಿಯ ಲೆಕ್ಕ ತೋರಿಸುವ ಮೆಮ್‌ಇನ್ಫೊದ 'ಡರ್ಟಿ' (ಡಿಸ್ಕಿಗೆ ಇನ್ನೂ ಇಳಿಯದ ಡೇಟಾ), 'ರೈಟ್‌ಬ್ಯಾಕ್' (ಈಗ ಇಳಿಯುತ್ತಿರುವ ಡೇಟಾ) ಸಾಲುಗಳನ್ನು ಸೆಕೆಂಡಿಗೊಮ್ಮೆ ತೋರಿಸುವಂತೆ ವಾಚ್ ಹಾಕುತ್ತೇನೆ, ಪಕ್ಕದ ಟರ್ಮಿನಲ್‌ನಲ್ಲಿ ಡಿಸ್ಕಿನ ಕೆಲಸ ತೋರಿಸುವ ಐಒಸ್ಟ್ಯಾಟ್. ಡರ್ಟಿ ಗಿಗಾಬೈಟ್‌ಗಟ್ಟಲೆ ಏರಿ, ಹಿಂದೆಯೇ ರೈಟ್‌ಬ್ಯಾಕ್ ಮತ್ತು ಅವೇಟ್ (ಡಿಸ್ಕಿಗೆ ಹೋದ ಒಂದು ಕೋರಿಕೆ ಮುಗಿಯಲು ಹಿಡಿದ ಸರಾಸರಿ ಸಮಯ) ಜಿಗಿದರೆ ಕಾರಣ ಸಿಕ್ಕಂತೆ. 32 ಜಿಬಿ ರ‍್ಯಾಮ್ ಇದ್ದು ಡರ್ಟಿ ರೇಷಿಯೊ (ಡರ್ಟಿ ಡೇಟಾಗೆ ಮೆಮೊರಿಯಲ್ಲಿ ಬಿಟ್ಟ ಶೇಕಡಾ ಮಿತಿ) ಡಿಫಾಲ್ಟ್ 20ರಲ್ಲೇ ಇದ್ದರೆ ಸುಮಾರು 6 ಜಿಬಿ ಬಾಕಿ ಉಳಿಯಬಹುದು. ಸೆಕೆಂಡಿಗೆ 100 ಎಂಬಿ ಬರೆಯುವ ಒಂಟಿ ಸಾಟಾ ಡಿಸ್ಕಿಗೆ ಅದು ಒಂದು ನಿಮಿಷದ ಕೆಲಸ.

ಇದರ ಜೊತೆ ಹಳೆಯ ಫೈಲ್ ಸಿಸ್ಟಮ್ ಇಎಕ್ಸ್‌ಟಿ3 ಇದ್ದರೆ ಕಷ್ಟ ಇಮ್ಮಡಿ. ಅದರ ಆರ್ಡರ್ಡ್ ಮೋಡ್‌ನಲ್ಲಿ ಜರ್ನಲ್ (ಬದಲಾವಣೆಗಳ ದಾಖಲೆ) ಕಮಿಟ್ ಆಗುವ ಮೊದಲು ಆ ಟ್ರಾನ್ಸಾಕ್ಷನ್‌ಗೆ ಸೇರಿದ ಡೇಟಾ ಪೂರ್ತಿ ಡಿಸ್ಕಿಗೆ ಇಳಿಯಬೇಕು. ಡೇಟಾಬೇಸ್ ಬರೀ 4 ಕೆಬಿಗೆ ಎಫ್‌ಸಿಂಕ್ (ಡಿಸ್ಕಿಗೆ ಈಗಲೇ ಬರೆ ಎಂಬ ಆಜ್ಞೆ) ಕರೆದರೂ, ಬ್ಯಾಕಪ್ ಬರೆದು ಗುಡ್ಡೆ ಹಾಕಿದ್ದೆಲ್ಲ ಮುಗಿಯುವವರೆಗೆ ಕಾಯುತ್ತದೆ. ಖಚಿತಪಡಿಸಿಕೊಳ್ಳಲು ತಡೆ ಬಿದ್ದ ಹೊತ್ತಿನಲ್ಲೇ ಸಿಸ್‌ಆರ್‌ಕ್ಯೂ ಟ್ರಿಗರ್‌ಗೆ ಡಬ್ಲ್ಯೂ ಅಕ್ಷರ ಕಳಿಸಿ (ಸಿಕ್ಕಿಕೊಂಡ ಪ್ರೊಸೆಸ್‌ಗಳನ್ನು ತೋರಿಸು ಎಂದು ಕರ್ನೆಲ್‌ಗೆ ಹೇಳಿದಂತೆ), ಕರ್ನೆಲ್ ಸಂದೇಶಗಳ ಡಿಮೆಸೇಜ್ ನೋಡಿ. ಡಿ ಸ್ಥಿತಿಯಲ್ಲಿ (ಹೆಚ್ಚಾಗಿ ಡಿಸ್ಕಿಗೆ ಕಾಯುತ್ತ) ಸಿಕ್ಕಿಕೊಂಡ ಪ್ರೊಸೆಸ್‌ನ ಸ್ಟ್ಯಾಕ್‌ನಲ್ಲಿ ಲಾಗ್ ವೇಟ್ ಕಮಿಟ್ ಕಂಡರೆ ಅದು ಜರ್ನಲ್‌ಗೆ ಕಾಯುತ್ತಿದೆ. ಬ್ಯಾಲೆನ್ಸ್ ಡರ್ಟಿ ಪೇಜಸ್ ಕಂಡರೆ ಡರ್ಟಿ ಮಿತಿ ಮುಟ್ಟಿದೆ.

ಪರಿಹಾರ: ಶೇಕಡಾ ಲೆಕ್ಕ ಬಿಟ್ಟು ಬೈಟ್ ಲೆಕ್ಕಕ್ಕೆ ಬನ್ನಿ. ಕರ್ನೆಲ್ ಸೆಟ್ಟಿಂಗ್ ಬದಲಿಸುವ ಸಿಸ್‌ಸಿಟಿಎಲ್‌ನಲ್ಲಿ ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್ (ಹಿನ್ನೆಲೆಯಲ್ಲಿ ಬರೆಯಲು ಶುರುವಾಗುವ ಮಿತಿ) 67108864 (64 ಎಂಬಿ), ಡರ್ಟಿ ಬೈಟ್ಸ್ (ಬರೆಯುವವರನ್ನೇ ತಡೆಯುವ ಮಿತಿ) 268435456 (256 ಎಂಬಿ) ಇಟ್ಟು ಶುರು ಮಾಡುತ್ತೇನೆ. ಆಗ ರೇಷಿಯೊಗಳು 0 ಎಂದು ತೋರಿಸುತ್ತವೆ, ಗಾಬರಿ ಬೇಡ. ಬೈಟ್ಸ್ ಸೌಲಭ್ಯ ಬಂದದ್ದು 2.6.29ರಲ್ಲಿ. ಸೆಂಟ್‌ಒಎಸ್ 5ರ 2.6.18ರಲ್ಲಿ ರೇಷಿಯೊಗಳೇ ಗತಿ: ಬ್ಯಾಕ್‌ಗ್ರೌಂಡ್ 1, ಡರ್ಟಿ 5. ಡರ್ಟಿಗೆ ಅದಕ್ಕಿಂತ ಕಡಿಮೆ ಕೊಟ್ಟರೂ ಕರ್ನೆಲ್ 5 ಎಂದೇ ಹಿಡಿಯುತ್ತದೆ. ಡೇಟಾಬೇಸ್ ಡಿಸ್ಕಿನ ಶೆಡ್ಯೂಲರ್ (ಕೋರಿಕೆಗಳ ಸರದಿ ನಿರ್ಧರಿಸುವ ಭಾಗ) ಸಿಎಫ್‌ಕ್ಯೂ ಆಗಿದ್ದರೆ ಡೆಡ್‌ಲೈನ್ ಹಾಕಿ ನೋಡಿ. ಮೌಂಟ್‌ಗೆ ನೋಎಟೈಮ್ (ಫೈಲ್ ಓದಿದ ಸಮಯ ಬರೆಯಬೇಡ ಎಂಬ ಆಯ್ಕೆ) ಸೇರಿಸಿ.

ಇಎಕ್ಸ್‌ಟಿ3ಗೆ ಆರ್ಡರ್ಡ್ ಬದಲು ಡೇಟಾ ರೈಟ್‌ಬ್ಯಾಕ್ ಮೋಡ್ ಹಾಕಿದರೆ ತಡ ಮಾಯವಾಗುತ್ತದೆ, ನಿಜ. ಆದರೆ ಕರೆಂಟ್ ಹೋದಾಗ ಹೊಸ ಫೈಲ್‌ನೊಳಗೆ ಡಿಸ್ಕಿನ ಹಳೆಯ ಕಸ ಬಂದು ಕೂರಬಹುದು. ಯಾರದೋ ಡೇಟಾ ಕಾಯುವವರು ಆ ದಾರಿ ಹಿಡಿಯಬಾರದು. ಬ್ಯಾಟರಿ ಇರುವ ಕ್ಯಾಶ್ ಇಲ್ಲದೆ ಬ್ಯಾರಿಯರ್ (ಬರೆಯುವ ಕ್ರಮ ಕಾಯುವ ಏರ್ಪಾಡು) ತೆಗೆಯುವುದೂ ಅಷ್ಟೇ ಅಪಾಯ. ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ರೇಡ್ ಕಂಟ್ರೋಲರ್ ಇದ್ದರೆ ಅದರ ಬ್ಯಾಟರಿಯನ್ನೂ ನೋಡಿ. ಬ್ಯಾಟರಿ ಸತ್ತಾಗ ಕ್ಯಾಶ್ ರೈಟ್‌ಥ್ರೂಗೆ (ಪ್ರತಿ ರೈಟ್‌ಗೂ ಡಿಸ್ಕಿಗಾಗಿ ಕಾಯುವ ಸ್ಥಿತಿ) ಇಳಿಯುತ್ತದೆ, ಆಮೇಲೆ ಕರ್ನೆಲ್‌ನಲ್ಲಿ ಏನು ತಿದ್ದಿದರೂ ವೇಗ ಬರದು.

ಡೌನ್‌ಟೈಮ್ ಸಿಗುವುದಾದರೆ ಇಎಕ್ಸ್‌ಟಿ4ಕ್ಕೆ ಹೋಗಿ. ಹೊಸದಾಗಿ ಫಾರ್ಮ್ಯಾಟ್ ಮಾಡಿ ಫೈಲ್‌ಗಳನ್ನು ನಕಲಿಸಿ. ಇದ್ದ ಪಾರ್ಟಿಷನ್ನನ್ನೇ ಟ್ಯೂನ್‌2ಎಫ್‌ಎಸ್‌ನಿಂದ ಪರಿವರ್ತಿಸಿದರೆ ಹಳೆಯ ಫೈಲ್‌ಗಳಿಗೆ ಎಕ್ಸ್‌ಟೆಂಟ್ (ಅಕ್ಕಪಕ್ಕದ ಬ್ಲಾಕ್‌ಗಳನ್ನು ಒಟ್ಟಾಗಿ ದಾಖಲಿಸುವ ಇಎಕ್ಸ್‌ಟಿ4 ಕ್ರಮ) ದಕ್ಕುವುದಿಲ್ಲ.